ತೌಡು ಕುಟ್ಟಿದವರ ಹಾಡು

ನನಗೆ ಸಂಗೀತ ಬರುವುದಿಲ್ಲ. ಒಂದು ರಾಕ್ ಬ್ಯಾಂಡಿನಲ್ಲಿ ಆರು ವರ್ಷ ಡ್ರಮ್ ಬಾರಿಸಿದವನಾದ್ದರಿಂದ ಈ ಮಾತನ್ನು ಅಧಿಕಾರವಾಣಿಯಿಂದ ಹೇಳಬಲ್ಲೆ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಆಗ ಯಲಬುರ್ಗಾದ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್. ಹೊಟ್ಟೆಯುಬ್ಬರ ಬಂದ ಎತ್ತಿನ ಎಡಪಕ್ಕೆಯನ್ನು ಬೆರಳಿನಿಂದ ತಟ್ಟಿದರೆ ಒಳಗಿನಿಂದ ನಗಾರಿಯಂಥ ಸದ್ದು ಬರುತ್ತದೆ. ಉಬ್ಬರ ಇಳಿದಂತೆ ಸದ್ದೂ ಇಳಿಯುತ್ತದೆ. ತಾಳದ ಬಗ್ಗೆ ನಾನು ಕಲಿತದ್ದೆಲ್ಲ ಆ ಶಾಲೆಯಲ್ಲಿ.

ಅಭ್ಯಾಸಬಲ ಕೆಟ್ಟದ್ದು. ಒಮ್ಮೆ ಕೊಪ್ಪಳದಲ್ಲಿ ಈರಣ್ಣನ ರೇಡಿಯೋ ರಿಪೇರಿ ಅಂಗಡಿಗೆ ಹೋಗಿ, ಅವನು ನನ್ನ ಟ್ರಾನ್ಸಿಸ್ಟರಿನ ಹೊಟ್ಟೆ ಬಗೆಯುವವರೆಗೂ ಎದುರಿನ ಮೇಜನ್ನು ತಟ್ಟುತ್ತ ನಿಂತಿದ್ದೆ. ಅವನು ತಲೆ ಎತ್ತಿ, "ನಿಮ್ಮ ಕೈ ಸುಮ್ಮನಿರಂಗಿಲ್ಲೇನ್ರಿ?" ಎಂದ. ಬೈಯುತ್ತಾನೆಂದುಕೊಂಡೆ. ಅವನು ಒಳಗಿನಿಂದ ಒಂದು ವಿಚಿತ್ರ ವಾದ್ಯ ತಂದು, "ಹಂಗ ಬಡೀತಿರ್ರಿ, ನಿಲ್ಲಿಸಬ್ಯಾಡ್ರಿ" ಎಂದು ಅದನ್ನು ಮೀಟತೊಡಗಿದ. ಅದು ಅವನೇ ಮಾಡಿಸಿದ, ದಪ್ಪ ದನಿಯ ಬಾಸ್ ಗಿಟಾರು. ಮೈ ಮಾಡಿಕೊಟ್ಟವರು ಕಿನ್ನಾಳದ ಗೊಂಬೆ ಕೆಲಸದವರು. ಗಿಟಾರು ಎಂಬುದನ್ನು ಕಂಡಿರದ ಆ ಹಿರಿಯರು, ಬೋಳು ಕಟ್ಟಿಗೆ ಕೊಡುವುದು ತಮ್ಮ ಮನೆತನಕ್ಕೆ ಶೋಭೆಯಲ್ಲವೆಂದು ಅದರ ಮೇಲೆ ಎರಡು ಹಸಿರು ಗಿಳಿಗಳನ್ನು ಬರೆದುಕೊಟ್ಟಿದ್ದರು.

ಮೂರನೆಯವನು ಈರಣ್ಣನ ಅಂಗಡಿಯ ಗಿರಾಕಿ, ಗಂಗಾವತಿ ಪಕ್ಕದ ತೆಲುಗರ ಊರು ಶ್ರೀರಾಮನಗರದ ಸುಬ್ಬಾರಾವ್. ಹೈದರಾಬಾದಿನಲ್ಲಿ ಕಾಲೇಜು ಓದಲು ಹೋದವನು ಪದವಿಯ ಜೊತೆಗೆ ಒಂದು ಎಲೆಕ್ಟ್ರಿಕ್ ಗಿಟಾರನ್ನೂ ತಂದಿದ್ದ. ಮೊದಲನೆಯದರ ಉಪಯೋಗ ಅವನಿಗೆ ತಿಳಿದಿರಲಿಲ್ಲ. ಎರಡನೆಯದರ ಉಪಯೋಗ ಅವನ ಮನೆಯವರಿಗೆ ತಿಳಿದಿರಲಿಲ್ಲ. ರಾಕ್ ಎಂದರೆ ಕಲ್ಲು ಎಂದು ಅವನು ವಿವರಿಸಿದಾಗ ಈರಣ್ಣ ಗಂಗಾವತಿಯ ಸುತ್ತಲಿನ ಬಂಡೆಗಳ ಕಡೆ ಕೈ ಮಾಡಿ, "ಮತ್ತ ಇದನ್ನ ಹೈದರಾಬಾದಿಂದ ಯಾಕ ತಂದಿ ಮಾರಾಯ?" ಎಂದ.

ಮೂವರೂ ಸೇರಿದರೆ ಆಗುವ ಗದ್ದಲವನ್ನು ಸಹಿಸುವ ಜಾಗ ಇಡೀ ಸೀಮೆಯಲ್ಲಿ ಒಂದೇ ಇತ್ತು: ಗಂಗಾವತಿಯಲ್ಲಿದ್ದ ಸುಬ್ಬಾರಾವನ ಸೋದರಮಾವನ ಅಕ್ಕಿ ಗಿರಣಿ. ಅದು ನಮಗಿಂತ ಹೆಚ್ಚು ಸದ್ದು ಮಾಡುತ್ತಿತ್ತು. ರವಿವಾರ ಬಂದರೆ ನಾನು ಯಲಬುರ್ಗಾದಿಂದ, ಈರಣ್ಣ ಕೊಪ್ಪಳದಿಂದ ಬಸ್ಸಿನಲ್ಲಿ ಬಂದು, ಓಡುವ ಯಂತ್ರದ ಪಕ್ಕದಲ್ಲೇ ಬಾರಿಸಲು ಕೂರುತ್ತಿದ್ದೆವು. ಯಂತ್ರಕ್ಕೆ ಭತ್ತ ಸುರಿಯುತ್ತಿದ್ದ ಹಿರಿಯ ಹಮಾಲ ದುರುಗಪ್ಪ ಮೊದಲ ದಿನವೇ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ ತೀರ್ಪು ಕೊಟ್ಟ. "ಅಕ್ಕಿ ಆ ಕಡೆ ಬೀಳಾಕ ಹತ್ತೈತಿ. ನೀವು ಇಲ್ಲಿ ಕುಂತು ತೌಡು ಕುಟ್ಟಾಕ ಹತ್ತೀರಿ."

ತೌಡು ಕುಟ್ಟುವುದೆಂದರೆ ವ್ಯರ್ಥ ಶ್ರಮ ಎಂದು ನಿಘಂಟು ಹೇಳುತ್ತದೆ. ಗಾದೆ ಕಟ್ಟಿದವರು ಎಮ್ಮೆಯನ್ನು ಕೇಳಲಿಲ್ಲ ಎಂಬುದು ನನ್ನ ತಕರಾರು. ಹಿಂಡಲು ಬಿಡದ ಎಮ್ಮೆಯ ಮುಂದೆ ಒಂದು ಬುಟ್ಟಿ ತೌಡು ಇಟ್ಟು ನೋಡಿ, ಆಮೇಲೆ ವ್ಯರ್ಥವೋ ಸಾರ್ಥಕವೋ ಮಾತಾಡೋಣ. ಈ ವಾದವನ್ನು ನಾನು ವೈದ್ಯಕೀಯ ಗಾಂಭೀರ್ಯದಿಂದ ಮಂಡಿಸಿದ ಮೇಲೆ ನಮ್ಮ ಬ್ಯಾಂಡಿಗೆ 'ತೌಡು' ಎಂದೇ ಹೆಸರಾಯಿತು.

ಹಾಡುವವರು ಮಾತ್ರ ಇರಲಿಲ್ಲ. ಅವರು ಸಿಕ್ಕಿದ್ದು ಟೆಲಿಫೋನಿನಲ್ಲಿ. ಆಗ ಬೇರೆ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಗಿರಣಿಯ ಕೋಣೆಯಲ್ಲಿ ಹಾಗೆ ಫೋನು ಹಿಡಿದು ಕಾಯುತ್ತ ಸುಬ್ಬಾರಾವ್ ತಾನು ಕಟ್ಟಿದ ಧಾಟಿಯೊಂದನ್ನು ಗುನುಗುತ್ತಿದ್ದ. ಅತ್ತಲಿಂದ ಆಪರೇಟರ್ ಹೆಣ್ಣುಮಗಳ ದನಿ ಬಂತು: "ಎರಡನೇ ಸಾಲು ಶ್ರುತಿ ತಪ್ಪಾಕ ಹತ್ತೈತ್ರಿ. ಬಳ್ಳಾರಿ ಸಿಕ್ಕೈತಿ, ಮಾತಾಡ್ರಿ."

ಆ ದನಿ ಸುಮಿತ್ರಾಳದು. ಗಂಗಾವತಿಯ ವ್ಯಾಪಾರಸ್ಥರಿಗೆಲ್ಲ ಅವಳ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಸುಬ್ಬಾರಾವ್ ಅವಳ ಮನೆಗೇ ಹೋಗಿ, ಮಗಳನ್ನು ಹಾಡಲು ಕಳಿಸಿರೆಂದು ತಾಯಿಯನ್ನು ಕೇಳಿಕೊಂಡ. ತಾಯಿ, ತಾನೂ ಜೊತೆಗೆ ಬಂದು ಕೂರುವುದಾದರೆ ಸರಿ ಎಂದರು. ಮುಂದಿನ ರವಿವಾರದಿಂದ ಅವರು ಭತ್ತದ ಚೀಲದ ಮೇಲೆ ಕುಳಿತು ಹತ್ತಿಯ ಬತ್ತಿ ಹೊಸೆಯುತ್ತಿದ್ದರು, ಮಗಳು ತಾನೇ ಬರೆದದ್ದನ್ನು ಹಾಡುತ್ತಿದ್ದಳು.

ಇರ್ರಿ ಇರ್ರಿ, ಲೈನಿನ್ಯಾಗ ಇರ್ರಿ,
ಆ ಕಡಿ ಊರು ಎದ್ದಿಲ್ಲ;
ಎಷ್ಟೋ ಮಂದಿ ಮಾತು ದಾಟಿಸಿದೆ ನಾ,
ನನ್ನ ಮಾತಿಗೆ ತಂತಿಲ್ಲ.

ಇಂಥ ಏಳು ಹಾಡುಗಳಾದ ಮೇಲೆ ನಮಗೆ ಸೊಕ್ಕು ಬಂತು. ಯಲಬುರ್ಗಾದಲ್ಲಿ ಯುವಕರ ಸಂಘವೊಂದರ ಸಮಾರಂಭಕ್ಕೆ ನಾನೇ ಮುಂದೆ ಬಿದ್ದು ಕಾರ್ಯಕ್ರಮ ಗೊತ್ತುಮಾಡಿದೆ. ಅದು ನನ್ನ ಊರು, ನನ್ನ ಮರ್ಯಾದೆ. ಎರಡು ಹಾಡು ಮುಗಿಸಿದೆವು. ಚಪ್ಪಾಳೆಯಿಲ್ಲ, ಕೂಗಾಟವೂ ಇಲ್ಲ. ಮುಂದಿನ ಸಾಲಿನಲ್ಲಿದ್ದ, ನನ್ನಿಂದ ತಮ್ಮ ಹೋರಿಗೆ ಔಷಧಿ ಒಯ್ಯುವ ಗೌಡರು ಬಹಳ ಸಹಾನುಭೂತಿಯಿಂದ ಎದ್ದು ನಿಂತು, "ಡಾಕ್ಟರ್ರ, ಅವಸರಿಲ್ಲ. ಮಿಷನ್ ಪೂರಾ ರಿಪೇರಿ ಮಾಡಿಕೊಂಡಽ ಹಾಡು ಶುರು ಮಾಡ್ರಿ" ಎಂದರು. ಹಾಡು ಆಗಲೇ ಎರಡು ಮುಗಿದವು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಹಿಂದಿನಿಂದ ಸಿನಿಮಾ ಹಾಡು ಬೇಕೆಂಬ ಕೂಗು ಎದ್ದಿತು. ಸುಮಿತ್ರಾ ಮೈಕಿನ ಮುಂದೆ ಕೈಮುಗಿದು ಕೆಳಗಿಳಿದಳು. ನಾವೂ ಇಳಿದೆವು.

ಮುಂದಿನ ವಾರ, ಯಂತ್ರ ನಿಂತಿದ್ದ ಹೊತ್ತಿನಲ್ಲಿ, ಗಿರಣಿಯಲ್ಲಿ ಜಗಳವೇ ಆಯಿತು. ಸುಬ್ಬಾರಾವನಿಗೆ ಸಾಕಾಗಿತ್ತು. "ಒಂದು ತಾಸು ಸಿನಿಮಾ ಹಾಡು ಬಾರಿಸೋಣ, ನಡುವ ಒಂದು ನಮ್ಮದು ಹಾಕೋಣ. ಮಂದಿಗೆ ಗೊತ್ತಽ ಆಗೂದಿಲ್ಲ" ಎಂದ. ನಿಜ ಹೇಳಿದರೆ, ನನಗೂ ಅದು ಸರಿಯೆನಿಸಿತ್ತು. ಗೌಡರ ಹೋರಿಯ ಮುಖ ನೋಡಲೂ ನಾಚಿಕೆಯಾಗುವ ಸ್ಥಿತಿಯಲ್ಲಿದ್ದೆ ನಾನು.

ಸುಮಿತ್ರಾ ದನಿ ಏರಿಸಲಿಲ್ಲ. "ದಿನಾ ಮಂದಿ ಮಾತು ಮಂದಿಗೆ ಜೋಡಿಸಿ ಕೊಡೂದು ನನ್ನ ಕೆಲಸ. ಅಲ್ಲಿ ನಂದಂತ ಒಂದು ಮಾತಿರೂದಿಲ್ಲ. ಇಲ್ಲೂ ಮಂದಿ ಹಾಡಽ ಹಾಡೂದಾದ್ರ, ನಾ ಮನ್ಯಾಗಿರ್ತೀನಿ" ಎಂದಳು. ಬತ್ತಿ ಹೊಸೆಯುತ್ತಿದ್ದ ತಾಯಿಯ ಕೈ ನಿಂತಿತು.

ಜಗಳ ಬಿಡಿಸಲೆಂದೋ ಏನೋ, ಈರಣ್ಣ ತನ್ನ ಟೇಪ್ ರೆಕಾರ್ಡರ್ ಒತ್ತಿದ. ಹಿಂದೆ ಗಿರಣಿಯಲ್ಲಿ ತುಂಬಿಸಿಕೊಂಡಿದ್ದ ನಮ್ಮದೇ ಹಾಡು. ಅದರೊಳಗೆ ನಾವು ನಾಲ್ವರಲ್ಲದೆ ಇನ್ನೊಂದು ಸದ್ದಿತ್ತು. ಗಿರಣಿಯ ಉದ್ದನೆಯ ಪಟ್ಟಾ ಗಾಲಿಯ ಮೇಲೆ ಹಾಯುವಾಗ ಅದರ ಜೋಡಣೆ ಪ್ರತಿ ಸುತ್ತಿಗೂ 'ಟಪ್' ಎಂದು ಬಡಿಯುತ್ತಿತ್ತು. ಭತ್ತ ಹೆಚ್ಚು ಬಿದ್ದರೆ ಯಂತ್ರ ಏದುಸಿರು ಬಿಟ್ಟು ನಿಧಾನವಾಗುತ್ತಿತ್ತು, ನಮ್ಮ ಹಾಡೂ ನಿಧಾನವಾಗುತ್ತಿತ್ತು. ಭತ್ತ ಕಡಿಮೆಯಾದರೆ ಎರಡೂ ಓಡುತ್ತಿದ್ದವು. ನಮಗೇ ತಿಳಿಯದಂತೆ ನಾವು ಆ ಟಪ್ಪಿನ ಮೇಲೆ ಹಾಡು ಕಟ್ಟಿದ್ದೆವು. ಯಲಬುರ್ಗಾದ ವೇದಿಕೆಯಲ್ಲಿ ಗೌಡರು ಕೇಳಿದ್ದು ಅಡಿಪಾಯವಿಲ್ಲದ ಮನೆ.

"ಐದನೇದವನ್ನ ಬಿಟ್ಟು ಹೋಗಿದ್ವಲ್ಲೋ" ಎಂದ ಈರಣ್ಣ.

ಗಿರಣಿಯನ್ನು ಊರೂರಿಗೆ ಹೊತ್ತೊಯ್ಯುವುದು ಸಾಧ್ಯವಿರಲಿಲ್ಲ. ಹಾಗಾದರೆ ಊರನ್ನೇ ಗಿರಣಿಗೆ ಕರೆದರಾಯಿತು ಎಂದಳು ಸುಮಿತ್ರಾ. ಸುಬ್ಬಾರಾವ್ ಮಾವನ ಮುಂದೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬೇಡಿಕೊಂಡ. ಮಾವ ಸುಗ್ಗಿಯ ಗಡಿಬಿಡಿಯಲ್ಲಿದ್ದರು. "ಯಾರು ಬೇಕಾದವ್ರು ಬರ್ಲಿ. ಗಿರಣಿ ಮಾತ್ರ ನಿಲ್ಲಂಗಿಲ್ಲ" ಎಂದು ಕಟ್ಟುನಿಟ್ಟಾಗಿ ಷರತ್ತು ಹಾಕಿದರು. ನಾವು ಬಹಳ ಕಷ್ಟಪಟ್ಟು ಒಪ್ಪಿಕೊಂಡವರಂತೆ ಮುಖ ಮಾಡಿದೆವು.

ಗೊತ್ತುಮಾಡಿದ ರವಿವಾರ ಮುಂಜಾನೆ ಹತ್ತಕ್ಕೆ ಅಂಗಳದ ತುಂಬ ಜನ. ಹಮಾಲರಿದ್ದರು, ಭತ್ತ ಹರವುವ ಹೆಣ್ಣುಮಕ್ಕಳಿದ್ದರು, ಗಾಡಿ ಬಿಟ್ಟುಕೊಂಡು ಸರದಿ ಕಾಯುವ ರೈತರಿದ್ದರು. ಅವರಿಗಿಂತ ಹೆಚ್ಚಾಗಿ ಊರಿನ ವ್ಯಾಪಾರಸ್ಥರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಅವರಿಗೆ ನಮ್ಮ ಸಂಗೀತಕ್ಕಿಂತ ಟೆಲಿಫೋನಿನ ದನಿಗೆ ಮುಖ ಹೇಗಿದೆ ನೋಡುವ ಕುತೂಹಲ. ದುರುಗಪ್ಪ ಮೊದಲ ಚೀಲ ಸುರಿದ. ಪಟ್ಟಾ ಟಪ್ಪೆಂದಿತು. ನಾನು ಕೋಲೆತ್ತಿದೆ.

ಸುಮಿತ್ರಾ "ಇರ್ರಿ ಇರ್ರಿ" ಎಂದದ್ದೇ ತಡ, ವ್ಯಾಪಾರಸ್ಥರ ಗುಂಪಿನಿಂದ ಯಾರೋ, "ಇದ್ದೀವಿ ಇದ್ದೀವಿ" ಎಂದರು. ವರ್ಷಗಟ್ಟಲೆ ಫೋನಿನಲ್ಲಿ ಕೊಟ್ಟು ರೂಢಿಯಾದ ಉತ್ತರ, ಬಾಯಿಗೆ ತಾನಾಗಿ ಬಂದಿತ್ತು. ಅಂಗಳವೆಲ್ಲ ನಕ್ಕಿತು. ಎರಡನೆಯ ಸಲ ಅವಳು "ಇರ್ರಿ" ಎಂದಾಗ ಅರ್ಧ ಅಂಗಳ "ಇದ್ದೀವಿ" ಎಂದಿತು. ಮೂರನೆಯ ಸಲಕ್ಕೆ ಸೋದರಮಾವನವರೂ ಸೇರಿಕೊಂಡರು.

ಆಗ ನಡೆದದ್ದೇ ಬೇರೆ. ಹಾಡು ಏರುವ ಜಾಗದಲ್ಲಿ ದುರುಗಪ್ಪ ಬೇಕೆಂದೇ ಭತ್ತದ ಕೈ ಬಿಗಿ ಹಿಡಿದ. ಹೊರೆ ಕಡಿಮೆಯಾಗಿ ಯಂತ್ರ ಓಡಿತು, ಅದರ ಹಿಂದೆ ನಾನು ಓಡಿದೆ, ನನ್ನ ಹಿಂದೆ ಈರಣ್ಣನ ಎರಡು ಗಿಳಿಗಳು, ಸುಬ್ಬಾರಾವನ ತಂತಿಗಳು. ಇನ್ನೇನು ಎಲ್ಲ ಚೆಲ್ಲಾಪಿಲ್ಲಿಯಾಗಬೇಕು ಎನ್ನುವಷ್ಟರಲ್ಲಿ ಅವನು ಒಂದು ಬುಟ್ಟಿ ಭತ್ತ ಸುರಿದು ಯಂತ್ರದ ಉಸಿರನ್ನು ಹದಕ್ಕೆ ತಂದ. ಸುಮಿತ್ರಾ ಅದೇ ಹದದ ಮೇಲೆ ಕೊನೆಯ ಸಾಲನ್ನು ಇಟ್ಟಳು. ನಮ್ಮನ್ನು ಆಡಿಸುತ್ತಿದ್ದವನು ಅವನು. ಕಣ್ಣು ನಮ್ಮ ಕಡೆ, ಕೈ ಭತ್ತದೊಳಗೆ. ಏಳೂ ಹಾಡುಗಳನ್ನು ಅವನು ಹಾಗೆ ದಡ ಮುಟ್ಟಿಸಿದ. ಮುಗಿದಾಗ ಯಾರೂ ಸಿನಿಮಾ ಹಾಡು ಕೇಳಲಿಲ್ಲ. ಭತ್ತ ಹರವುವ ಹೆಣ್ಣುಮಗಳೊಬ್ಬಳು, "ಆ ಇರ್ರಿ ಇರ್ರಿ ಇನ್ನೊಮ್ಮೆ ಹೇಳವಾ" ಎಂದಳು. ಅದನ್ನು ಮತ್ತೆ ಮೂರು ಸಲ ಹಾಡಿದೆವು. ದುರುಗಪ್ಪ ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು, "ತೌಡು ಸಣ್ಣಗ ಬಿದ್ದೈತ್ರಿ ಇವತ್ತ" ಎಂದ. ನನಗೆ ಬಂದ ಏಕೈಕ ವಿಮರ್ಶೆ ಅದು.

ಕೆಲವು ತಿಂಗಳ ಮೇಲೆ ನನಗೆ ಕುಷ್ಟಗಿಗೆ ವರ್ಗವಾಯಿತು. ಅಲ್ಲಿನ ಒಂದು ಹಳ್ಳಿಯಲ್ಲಿ ಕಾಲುಬಾಯಿ ಬೇನೆಗೆ ಲಸಿಕೆ ಹಾಕುತ್ತಿದ್ದೆ. ಎಮ್ಮೆ ಬೆದರದಿರಲೆಂದು ಒಡತಿ ಅದರ ಕುತ್ತಿಗೆ ಸವರುತ್ತ ಸಣ್ಣಗೆ ಹಾಡುತ್ತಿದ್ದಳು. ಸೂಜಿ ಹಿಡಿದ ನನ್ನ ಕೈ ನಿಂತಿತು. ಇರ್ರಿ ಇರ್ರಿ, ಲೈನಿನ್ಯಾಗ ಇರ್ರಿ. ಗಂಗಾವತಿ ಕಡೆ ಭತ್ತ ಕೊಯ್ಯಲು ಹೋದವರು ಹೊತ್ತು ತಂದಿದ್ದರಂತೆ. ಆದರೆ ಕೊನೆಯ ಸಾಲಿಗೆ ಅವಳು, "ನನ್ನ ಮಾತಿಗೆ ತಂತ್ಯಾಕ?" ಎಂದು ಹಾಡಿದಳು.

ಕವಿಯ ಪರವಾಗಿ ನಾನು ಗಂಟಲು ಸರಿಪಡಿಸಿಕೊಂಡೆ. "ಅದು 'ತಂತಿಲ್ಲ' ಅಂತ ಐತವಾ. ತಪ್ಪು ಹಾಡಾಕ ಹತ್ತೀರಿ."

"ನಮ್ಮೂರಾಗ ಹಿಂಗಽ ಐತ್ರಿ" ಎಂದಳು ಅವಳು ನನ್ನತ್ತ ತಿರುಗದೆ. "ಬಾಯಿ ಗಟ್ಟಿ ಇದ್ದಾಕಿಗೆ ತಂತಿ ಯಾಕ ಬೇಕ್ರಿ?"

ರವಿವಾರ ಗಿರಣಿಗೆ ಹೋದವನೇ ಇದನ್ನು ಸುಮಿತ್ರಾಳಿಗೆ ವರದಿ ಮಾಡಿದೆ. ಅವಳು, "ಆಕಿ ಹೆಸರೇನ್ರಿ?" ಎಂದಳು. ನಾನು ಕೇಳಿರಲಿಲ್ಲ. ಎಮ್ಮೆಯ ವಯಸ್ಸು, ತಳಿ, ಎಷ್ಟನೆಯ ಸೂಲು ಎಲ್ಲ ಬರೆದುಕೊಂಡು ಬಂದಿದ್ದೆ.

"ಆದ್ರ ಪ್ರಾಸ ಹೋಗತೈತ್ರಿ" ಎಂದೆ ಅಧಿಕಪ್ರಸಂಗಿಯಂತೆ.

"ಹೋದ್ರ ಹೋಗಲಿ" ಎಂದಳು. ಆಮೇಲೆ ದುರುಗಪ್ಪನಿಗೆ ಕೈ ಮಾಡಿದಳು. ಅವನು ಭತ್ತ ಸುರಿದ. ಅಂದು ಅವಳು ಆ ಸಾಲನ್ನು ಕುಷ್ಟಗಿಯ ಹೆಣ್ಣುಮಗಳ ಪಾಠದಂತೆಯೇ ಹಾಡಿದಳು. ನಾನು ಒಂದು ಪೆಟ್ಟು ತಪ್ಪಿದೆ. ಯಾರೂ ಅದನ್ನು ಗಮನಿಸಲಿಲ್ಲ.