ಸ್ಟೋರಣ್ಣ ಮತ್ತು ವಾಪಸಾಗದ ಕುರ್ಚಿ

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಒಬ್ಬರನ್ನು ವೀಲ್‌ಚೇರ್‌ನಲ್ಲಿ ಇಡೀ ಆಫೀಸು ಸುತ್ತಿಸಿದೆ. ಅವರು ಕಾರಿಡಾರಿನ ಕೊನೆಯಲ್ಲಿ, ತೊಡೆಯ ಮೇಲೆ ಮಡಿಸಿದ ಕಂಬಳಿ ಇಟ್ಟುಕೊಂಡು, ಗೋಡೆ ನೋಡುತ್ತಾ ಕೂತಿದ್ದರು. ಸಮಾಜಸೇವಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿದ ಹುರುಪು ನನಗೆ, ಕೈ ಸುಮ್ಮನಿರಬೇಕಲ್ಲ. “ಬನ್ನಿ ಸರ್, ನಾನಿದ್ದೀನಿ” ಅಂದವನೇ ತಳ್ಳಿದೆ. ನೋಂದಣಿ ಕೌಂಟರಿಗೆ, ಅಲ್ಲಿಂದ ಸಲಹೆ ಕೊಡುವ ಕೋಣೆಗೆ, ಅದಕ್ಕೆ ಬೀಗ ಬಿದ್ದಿದ್ದರಿಂದ ಕುಡಿಯುವ ನೀರಿನ ಹತ್ತಿರಕ್ಕೆ, ಕೊನೆಗೆ ಏನೂ ತೋಚದೆ ಶೌಚಾಲಯದ ಬಾಗಿಲಿಗೆ. ಅಲ್ಲಿ ಅವರು ಎದ್ದು ನಿಂತರು. ಕಂಬಳಿಯನ್ನು ಸೀಟಿನ ಮೇಲಿಟ್ಟು ನಡೆದುಕೊಂಡೇ ಒಳಗೆ ಹೋದರು.

ಪವಾಡ ಅಂತ ಕೂಗುವುದೊಂದು ಬಾಕಿ. ಹೊರಗೆ ಬಂದ ಮೇಲೆ ಕೇಳಿದೆ: “ನಡೆಯೋಕಾಗುತ್ತೆ ಅಂತ ಮೊದಲೇ ಹೇಳಬಾರದಿತ್ತಾ ಸರ್?”

“ನೀನು ತಳ್ತಾ ಇದ್ದೆ,” ಅಂದರು. ಅಷ್ಟೇ.

ಬೆಂಚುಗಳೆಲ್ಲ ತುಂಬಿದ್ದರಿಂದ ತಾವು ತಂದ ಕುರ್ಚಿಯಲ್ಲೇ ಕೂತಿದ್ದರು. ಅದು ನಮ್ಮ ಸಂಸ್ಥೆ ಅವರ ಹೆಂಡತಿಗೆ ಎರವಲು ಕೊಟ್ಟದ್ದು. ಆಕೆ ತೀರಿಕೊಂಡಿದ್ದರು. ಇವರು ವಾಪಸ್ ಕೊಡಲು ಬಂದಿದ್ದರು.

ಬಸ್ ಡಿಪೋದಲ್ಲಿ ಬಿಡಿಭಾಗಗಳ ಸ್ಟೋರು ನೋಡಿಕೊಂಡವರು. ಊರಿಗೆಲ್ಲ ಸ್ಟೋರಣ್ಣ. ಜಾಲರಿ ಕಿಟಕಿಯ ಆಚೆ ನಿಂತು ಮೆಕ್ಯಾನಿಕ್ಕುಗಳು ಎಷ್ಟೇ ಕೂಗಾಡಲಿ, ಹಳೇ ಬೇರಿಂಗ್ ಕೈಗೆ ಬರದೆ ಹೊಸದು ಕೊಡುತ್ತಿರಲಿಲ್ಲವಂತೆ. ಸಾಮಾನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕು. ನೆಲದ ಮೇಲಿಟ್ಟು ಹೋದರೆ ಕೊಟ್ಟ ಹಾಗಲ್ಲ. ಹೆಂಡತಿ ಅದೇ ಡಿಪೋದ ಟಿಕೆಟ್ ವಿಭಾಗದಲ್ಲಿದ್ದವರು, ಮಾತಿನ ಮಲ್ಲಿ. ಇಬ್ಬರ ಪಾಲಿನ ಮಾತನ್ನೂ ಆಕೆಯೇ ಆಡುತ್ತಿದ್ದರು. ಪಾರ್ಶ್ವವಾಯು ಬಡಿದು ಆಕೆಯ ಬಲಗೈ ಹೋಯಿತು, ಜೊತೆಗೆ ಮಾತೂ ಹೋಯಿತು. ಸ್ಟೋರಣ್ಣ ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಅಲ್ಲಿಂದ ಆ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಕುರ್ಚಿ ವಿಷಯಕ್ಕೆ ಬಂದರೆ, ನಮ್ಮಲ್ಲಿ ಅದನ್ನು ತಗೊಳ್ಳುವವರೇ ಇರಲಿಲ್ಲ. ಕುರ್ಚಿ ಎರವಲು ಕೊಡುವ ಕಾರ್ಯಕ್ರಮವನ್ನು ಮುಚ್ಚಿಯಾಗಿತ್ತು. ಅದರ ಉಸ್ತುವಾರಿಯವರು ಬೇರೆ ಕಡೆ ಹೋಗಿದ್ದರು, ಗೋದಾಮನ್ನು ಮೀಟಿಂಗ್ ಹಾಲ್ ಮಾಡಿದ್ದರು. “ಮುಂದಿನ ವಾರ ಬನ್ನಿ, ನೋಡೋಣ” ಅಂತ ಕೌಂಟರಿನವಳು ಹೇಳಿದಳು. ಅಷ್ಟರಲ್ಲಿ ನಮ್ಮ ಮೇಡಂ, ಅಂದರೆ ಕಾರ್ಯಕ್ರಮಗಳ ಮುಖ್ಯಸ್ಥೆ, ಇವರನ್ನು ಕಂಡರು.

ಮೇಡಂ ಆಗಷ್ಟೇ ಡಿಸೈನ್ ಥಿಂಕಿಂಗ್ ತರಬೇತಿ ಮುಗಿಸಿ ಬಂದಿದ್ದರು. ಜನಕ್ಕೆ ಏನು ಬೇಕು ಅಂತ ನಾವೇ ತೀರ್ಮಾನ ಮಾಡಬಾರದು. ಅವರನ್ನೇ ಕೇಳಬೇಕು, ಕೇಳಿದ್ದರ ಮೇಲೆ ಚಿಕ್ಕದೊಂದು ಮಾದರಿ ಮಾಡಿ ಪರೀಕ್ಷಿಸಬೇಕು, ಸರಿಹೋಗದಿದ್ದರೆ ಬದಲಾಯಿಸಬೇಕು. ಇದರಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ. ಸ್ಟೋರಣ್ಣನನ್ನು ಕೂರಿಸಿ, ಟೀ ತರಿಸಿ, “ನಿಮ್ಮ ದಿನ ಹೇಗೆ ಹೋಗುತ್ತೆ?” ಅಂತ ಪ್ರೀತಿಯಿಂದಲೇ ಕೇಳಿದರು.

“ಬೆಳಗ್ಗೆ ಏಳ್ತೀನಿ. ಕುರ್ಚಿ ಬಾಗಿಲಿಗೆ ಅಡ್ಡ ಇರುತ್ತೆ, ಸರಿಸ್ತೀನಿ. ಹಾಲು ತರ್ತೀನಿ. ಬಂದು ಮತ್ತೆ ಸರಿಸ್ತೀನಿ.”

“ಆಮೇಲೆ?”

“ಆಮೇಲೆ ಏನೂ ಇಲ್ಲ.”

ಮೇಡಂ ಹಳದಿ ಚೀಟಿಯ ಮೇಲೆ ‘ಒಂಟಿತನ’ ಅಂತ ಬರೆದು ಗೋಡೆಗೆ ಅಂಟಿಸಿದರು. ಪಕ್ಕದಲ್ಲಿ ನಾನು, ಹೊಸಬ ಅನ್ನಿಸಿಕೊಳ್ಳಬಾರದು ಅಂತ, ‘ಆಳವಾದ ಒಂಟಿತನ’ ಅಂತ ಇನ್ನೊಂದು ಅಂಟಿಸಿದೆ. ಸ್ಟೋರಣ್ಣ ಎರಡನ್ನೂ ಓದಿ, ಟೀ ಮುಗಿಸಿ, ಕುರ್ಚಿ ತಳ್ಳಿಕೊಂಡು ಮನೆಗೆ ಹೋದರು.

ಹೀಗೆ ಹುಟ್ಟಿತು ನಮ್ಮ ಹೊಸ ಕಾರ್ಯಕ್ರಮ, ಸಂಗಾತಿಯನ್ನು ಕಳೆದುಕೊಂಡ ಗಂಡಸರಿಗಾಗಿ. ಮೊದಲ ಮಾದರಿ ಸಂಜೆಯ ಫೋನು. ಮಾಡುವವನು ನಾನು.

“ಊಟ ಆಯ್ತಾ ಸ್ಟೋರಣ್ಣ?”

“ಇನ್ನೂ ಸಂಜೆ.”

“ಹೂಂ, ಸರಿ. ಏನನ್ನಿಸ್ತಿದೆ?”

“ಏನೂ ಅನ್ನಿಸ್ತಿಲ್ಲ ತಮ್ಮ. ನಿಮ್ಮ ಸ್ಟೋರ್‌ನವರು ಬಂದ್ರಾ?”

ಬಂದಿಲ್ಲ ಅನ್ನುತ್ತಿದ್ದೆ. ‘ಇತರರ ಬಗ್ಗೆ ವಿಚಾರಿಸುತ್ತಾರೆ, ಒಳ್ಳೆಯ ಬೆಳವಣಿಗೆ’ ಅಂತ ವರದಿಯಲ್ಲಿ ಬರೆಯುತ್ತಿದ್ದೆ.

ಎರಡನೇ ಮಾದರಿ, ವಾರಕ್ಕೊಮ್ಮೆ ಒಂದು ಮೇಜಿನ ಸುತ್ತ ಕೂತು ಕೆಟ್ಟ ಸಾಮಾನು ರಿಪೇರಿ ಮಾಡುವುದು. ಬೇರೆಯವರು ಒಂದೆರಡು ಸಲ ಬಂದು ಕೈಬಿಟ್ಟರು. ಸ್ಟೋರಣ್ಣ ತಪ್ಪಿಸಲಿಲ್ಲ. ಸ್ಕ್ರೂಗಳನ್ನು ಅಳತೆ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದರು. ಹೊರಡುವಾಗ ಕೌಂಟರಿನಲ್ಲಿ ನಿಂತು ಕುರ್ಚಿ ವಿಷಯ ಕೇಳುತ್ತಿದ್ದರು. ಅಲ್ಲಿನವಳು ಮುಂದಿನ ವಾರ ಅನ್ನುತ್ತಿದ್ದಳು. ಸರಿ ಅನ್ನುತ್ತಿದ್ದರು.

ಅವರ ಮನೆ ನೋಡಿಕೊಂಡು ಬಾ ಅಂತ ಮೇಡಂ ಕಳಿಸಿದರು. ಒಂದು ಕೋಣೆ, ಅದರ ಮೂಲೆಯಲ್ಲೇ ಅಡುಗೆ. ಕುರ್ಚಿ ಒಳಗೆ ಹೋಗಲೆಂದು ಬಚ್ಚಲಿನ ಬಾಗಿಲನ್ನು ಕಿತ್ತು ಪರದೆ ಕಟ್ಟಿದ್ದರು. ಗೋಡೆಗೆ ಹಿಡಿದುಕೊಳ್ಳುವ ಕಬ್ಬಿಣದ ಕೊಳವೆ. ಮಡಿಸಿದ ಕುರ್ಚಿ ಬಾಗಿಲ ಹಿಂದೆ ನಿಂತಿತ್ತು. ಚಕ್ರಗಳನ್ನು ತೊಳೆದು ಎಣ್ಣೆ ಬಿಟ್ಟಿದ್ದರು. ಪಕ್ಕದ ಬೀದಿಯ ನಾದಿನಿ, ಸತ್ತವಳ ತಂಗಿ, ಬಟ್ಟೆ ಮಡಿಸುತ್ತಾ ಕೂತಿದ್ದಳು.

“ನೀವೇನಾ ದಿನಾ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳೋದು?” ಅಂದಳು. “ಕೇಳೋದ್ರಲ್ಲೇ ಹೊಟ್ಟೆ ತುಂಬಿಸ್ತೀರಿ ಬಿಡಿ.” ಆಮೇಲೆ ಅವರ ಕಡೆ ತಿರುಗಿ, “ಭಾವ, ಆ ಕುರ್ಚಿ ಬಿಸಾಕಿ ಅಂದ್ರೆ ಕೇಳಲ್ಲ. ಒಳಗೆ ಬಂದಾಗೆಲ್ಲ ಅಕ್ಕ ಬಚ್ಚಲಲ್ಲಿ ಇದಾಳೆ, ಈಗ ಕೂಗ್ತಾಳೆ ಅನ್ಸುತ್ತೆ ನಂಗೆ. ನಿಮಗೆ ಅನ್ಸಲ್ವಾ?”

“ಬಿಸಾಕೋಕೆ ನಮ್ಮದಲ್ಲ,” ಅಂದರು ಸ್ಟೋರಣ್ಣ.

ಮರುದಿನ ಮೇಡಂಗೆ ಹೇಳಿದೆ, ಆ ಕುರ್ಚಿಯೊಂದನ್ನು ತಗೊಂಡುಬಿಡೋಣ ಅಂತ. ಮೇಡಂ ಹಣೆ ಒತ್ತಿಕೊಂಡರು. ಮುಚ್ಚಿದ ಕಾರ್ಯಕ್ರಮದ ಸಾಮಾನು ಈಗ ಒಳಗೆ ಬಂದರೆ ಮಿಕ್ಕ ಕುರ್ಚಿಗಳೆಲ್ಲ ಎಲ್ಲಿ ಅಂತ ಹಣ ಕೊಡುವವರು ಕೇಳುತ್ತಾರೆ. ಅವರ ಮೌಲ್ಯಮಾಪನ ಮುಗಿಯಲಿ, ಅಲ್ಲೀತನಕ ಬೇಡ. ಆ ಮೌಲ್ಯಮಾಪನದ ಮೇಲೆಯೇ ಕಾರ್ಯಕ್ರಮ ಉಳಿಯುವುದು, ಕಾರ್ಯಕ್ರಮದ ಮೇಲೆ ನನ್ನ ನೌಕರಿ. ನಾನು ವಾಪಸು ಬಂದು ಚೀಟಿಗಳನ್ನು ಬಣ್ಣವಾರು ಜೋಡಿಸಿದೆ.

ಮೌಲ್ಯಮಾಪನದ ದಿನ ಬಂತು. ಮೀಟಿಂಗ್ ಹಾಲಿನ ಗೋಡೆಯ ಮೇಲೆ ನಾವು ಬರೆಸಿದ್ದ ದೊಡ್ಡ ಚಿತ್ರ: ಒಬ್ಬ ಕಾಲ್ಪನಿಕ ಫಲಾನುಭವಿ, ಕೆಳಗೆ ಅವನ ವಯಸ್ಸು, ಅಗತ್ಯ, ನೋವು, ಕನಸು. ಹೆಸರು ಬದಲಾಯಿಸಿದ್ದೆವು, ಮೀಸೆ ಸ್ಟೋರಣ್ಣನದೇ. ಹಣ ಕೊಡುವ ಸಂಸ್ಥೆಯಿಂದ ಒಬ್ಬ ಹೆಂಗಸು ಬಂದಿದ್ದರು, ಮೆತ್ತಗೆ ಮಾತಾಡುವವರು. ಸ್ಟೋರಣ್ಣ ಖಾಲಿ ಕುರ್ಚಿ ತಳ್ಳಿಕೊಂಡು ಬಂದರು. ಸೀಟಿನ ಮೇಲೆ ಅದೇ ಕಂಬಳಿ, ಮಡಿಸಿದ್ದು. ಹೆಂಡತಿಯ ನೆನಪಿಗೆ ತಂದಿದ್ದಾರೆ ಅಂದುಕೊಂಡು ಯಾರೋ ಕಣ್ಣೊರೆಸಿಕೊಂಡರು. ಯಾಕೆ ತಂದಿದ್ದಾರೆ ಅಂತ ನನಗೂ ಮೇಡಂಗೂ ಗೊತ್ತಿತ್ತು. ನಾನು ನೆಲ ನೋಡುತ್ತಿದ್ದೆ.

“ಈ ಕಾರ್ಯಕ್ರಮದಿಂದ ನಿಮ್ಮ ಒಂಟಿತನ ಕಡಿಮೆ ಆಯ್ತಾ?” ಬಂದವರು ಕೇಳಿದರು.

ಸ್ಟೋರಣ್ಣ ಗೋಡೆಯ ಚಿತ್ರ ನೋಡಿದರು. “ಅವರನ್ನ ಕೇಳಿ.”

ಒಂದಿಬ್ಬರು ನಕ್ಕರು. ಇವರು ನಗಲಿಲ್ಲ.

“ಸಂಜೆಯ ಫೋನಿನಿಂದ?”

“ಈ ಹುಡುಗ ಮಾಡ್ತಾನೆ. ಎತ್ತದಿದ್ರೆ ಅವನಿಗೆ ಬೈತಾರೇನೋ ಅಂತ ಎತ್ತುತ್ತೀನಿ.”

ಮೇಡಂ ನನ್ನ ಕಡೆ ನೋಡಿದರು. ಬಂದವರು ಪೆನ್ನು ಕೆಳಗಿಟ್ಟರು. ಮುಖದಲ್ಲಿ ಸಿಟ್ಟಿರಲಿಲ್ಲ; ತಿಳಿಯದ್ದನ್ನು ತಿಳಿಯಬೇಕು ಅನ್ನುವ ಹಾಗಿತ್ತು.

“ಬೇಜಾರು ಮಾಡ್ಕೋಬೇಡಿ, ಕೇಳ್ತೀನಿ. ಏನೂ ಉಪಯೋಗ ಆಗಿಲ್ಲ ಅಂದ್ರೆ ಒಂದು ವಾರನೂ ತಪ್ಪಿಸದೆ ಯಾಕೆ ಬಂದ್ರಿ?”

“ಕುರ್ಚಿ ವಾಪಸ್ ಕೊಡೋಕೆ,” ಅಂದರು ಸ್ಟೋರಣ್ಣ. “ಯಾರು ತಗೋತೀರಾ?”