ಹಸಿದ ಕೌದಿ

ಸೋನುಬಾಯಿಯ ಕೌದಿ ಅಂದರೆ ಹುಮನಾಬಾದಿನ ಓಣಿಗಳಲ್ಲಿ ಎರಡನೇ ಮಾತಿಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ನಲವತ್ತು ವರ್ಷ ಹೊಲಿದವಳು. ಬಾಯಿ ಮಾತ್ರ ಸೂಜಿಗಿಂತ ಚೂಪು. ಯಾರಾದರೂ ಹೊಸ ಬಟ್ಟೆ ತಂದರೆ, "ಮೊದಲು ಐದು ವರ್ಷ ಉಟ್ಟು ಬಾ, ಆಮ್ಯಾಲ ಮಾತಾಡು" ಎಂದು ಬಾಗಿಲಿನಿಂದಲೇ ಸಾಗಹಾಕುತ್ತಿದ್ದಳು.

ಕೊನೆಯ ಮೂಲೆ ಮುಚ್ಚುವ ಮುನ್ನ ಜೋಳದ ರೊಟ್ಟಿಯ ಒಂದು ಚೂರನ್ನು ಒಳಗಿಟ್ಟು ಹೊಲಿಯುವುದು ನಿರ್ಣಾ ಊರಿನ ಅವಳ ತವರಿನ ಪದ್ಧತಿ. "ಕೌದಿನ ಉಪಾಸ ಬಿಡಬಾರದವ್ವಾ. ಹಸಿದ ಕೌದಿ ಹೊದ್ದವರನ್ನ ತಿಂತದ" ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ನೂಲಿನ ಬಟ್ಟೆ ಮೈಬೆವರು ಕುಡಿಯುತ್ತದೆ, ವಾರಕ್ಕೊಮ್ಮೆ ನೀರಿಗೆ ಬೀಳುತ್ತದೆ. ತಿಂಗಳೊಪ್ಪತ್ತಿನಲ್ಲಿ ಆ ಚೂರು ಪುಡಿಯಾಗಿ ಕರಗಿಹೋಗುತ್ತದೆ. ಆಗ ಕೌದಿ ಉಂಡಿತು ಅನ್ನಬೇಕು.

ಮಗ ಅಂಬರೀಷನಿಗೆ ಬಸವಕಲ್ಯಾಣದ ಪೂನಮಳನ್ನು ಗೊತ್ತು ಮಾಡಿದಾಗ ಸೋನುಬಾಯಿಗೆ ತನ್ನ ಮಾಸಿದ ಸೀರೆಗಳ ಬಗ್ಗೆ ಇದ್ದಕ್ಕಿದ್ದಂತೆ ನಾಚಿಕೆ ಹುಟ್ಟಿತು. ಬೀಗರ ಕಣ್ಣಿಗೆ ಬೀಳುವುದು ಬೇಡವೆಂದು ಟ್ರಂಕಿನಲ್ಲಿದ್ದ ಹನ್ನೊಂದು ನೂಲಿನ ಸೀರೆಗಳನ್ನು ಪಾತ್ರೆ ಮಾರುವ ಸರ್ಫರಾಜನಿಗೆ ಕೊಟ್ಟು, ಒಂದು ಸ್ಟೀಲ್ ಡಬ್ಬಿ ಇಳಿಸಿಕೊಂಡಳು. ಡಬ್ಬಿ ಇನ್ನೂ ಗೋಡೆಯ ಮಾಡದಲ್ಲಿ ಥಳಥಳ ಹೊಳೆಯುತ್ತಿದೆ. ಅವಳೂ ಮಿರುಗುವ ನೈಲಾನ್ ಸೀರೆಗಳಿಗೆ ಒಗ್ಗಿಕೊಂಡಳು. ಹಿಂಡಿ ಒಣಹಾಕಿದರೆ ಗಳಿಗೆಯಲ್ಲಿ ಒಣಗುತ್ತಿದ್ದವಲ್ಲ! ಸೊಸೆಯಂತೂ ಮೊಬೈಲಿನ ಮೇಲೆ ಬೆರಳಾಡಿಸಿದರೆ ಮೂರನೇ ದಿನಕ್ಕೆ ಸೀರೆ ಬಾಗಿಲಿಗೆ. ನಾಲ್ಕು ಸಲ ಉಟ್ಟರೆ ಬೇಸರ. ಮನೆ ತಗಡಿನದು, ಒಂದೂವರೆ ಖೋಲಿಯದು. ಅದರಲ್ಲಿ ಮೂರು ಟ್ರಂಕು ಸೀರೆ.

ಪೂನಮ ತವರಿನಿಂದ ಎರಡು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಬರುವ ದಿನ ಹತ್ತಿರವಾಯಿತು. ಅಜ್ಜಿ ಕೌದಿ ಹಾಸಿಯೇ ಮೊಮ್ಮಗಳನ್ನು ಮಲಗಿಸಬೇಕು. ಸೋನುಬಾಯಿ ಮೂರೂ ಟ್ರಂಕು ಬುಡಮೇಲು ಮಾಡಿದಳು. ಒಂದೇ ಒಂದು ನೂಲಿನ ಸೀರೆ ಸಿಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಸರ್ಫರಾಜನನ್ನು ಕರೆದು ಮಿರುಗುವ ಸೀರೆಗಳ ಗಂಟು ಮುಂದಿಟ್ಟಳು.

"ಇವನ್ನ ತಗೊಂಡು ನನ್ನ ಹಳೇ ನೂಲಿನ ಸೀರಿ ಎರಡಾರ ಕೊಡೋ."

ಅವನು ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿ ಬಿಟ್ಟ. "ನೈಲಾನ್ ಯಾರೂ ತಗೊಳ್ಳಂಗಿಲ್ರಿ ಚಾಚಿ, ಬೇಕಾರ್ ಮಾಲು. ನಿಮ್ಮ ಸೀರಿ ಎಂದೋ ಫ್ಯಾಕ್ಟರಿಗೆ ಹೋದ್ವು. ಮಶೀನ್ ಒರಸಾಕ ಅವೇ ಬೇಕು ಅವರಿಗೆ."

ಅಂಬರೀಷ ಕೆಲಸ ಮಾಡುವುದೂ ಫ್ಯಾಕ್ಟರಿಯಲ್ಲೇ. ತಾಯಿಯ ಸೀರೆಯಲ್ಲಿ ಎಷ್ಟು ಸಲ ಕೈ ಒರೆಸಿಕೊಂಡನೋ, ಪಾಪ, ಅವನಿಗೇನು ಗೊತ್ತು.

ಕೊನೆಗೆ ಸೋನುಬಾಯಿ ಸೊಸೆಯ ಸೀರೆಗಳನ್ನೇ ಹಾಸಿ ಹೊಲಿಯಲು ಕೂತಳು. ಪದರಗಳು ಒಂದರ ಮೇಲೊಂದು ನಿಲ್ಲದೆ ಜಾರಿದವು. ನಲವತ್ತು ವರ್ಷದಲ್ಲಿ ಮೊದಲ ಸಲ ಅವಳ ಸಾಲು ಸೊಟ್ಟಗಾಯಿತು. ಆದರೂ ರೊಟ್ಟಿಯ ಚೂರನ್ನು ಮರೆಯದೆ ಇಟ್ಟಳು.

ಪೂನಮಳಿಗೆ ಕೌದಿ ಬಹಳ ಹಿಡಿಸಿತು. "ಒಗಿಯೋದ ಬ್ಯಾಡ್ರಿ ಅತ್ತಿ, ಒರಸಿದ್ರ ಆಯ್ತು!" ಎಂದು ನಕ್ಕಳು. ಏನೂ ಅದರೊಳಗೆ ಇಳಿಯುತ್ತಿರಲಿಲ್ಲ, ಕೂಸಿನ ಬೆವರೂ.

ಮೇ ತಿಂಗಳ ಬಿಸಿಲು ನಲವತ್ನಾಲ್ಕು ದಾಟಿತ್ತು. ಸೋನುಬಾಯಿಯ ಎಳವೆಯಲ್ಲಿ ಇಂಥ ಬಿಸಿಲು ವರ್ಷಕ್ಕೆ ನಾಲ್ಕು ದಿನ ಇದ್ದರೆ ಹೆಚ್ಚು. ಈಗ ಬಂದರೆ ಹೋಗುವ ಮಾತೇ ಇಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಪೂನಮ ಮಾಣಿಕನಗರದ ಗುಡಿಗೆ ಹೋಗಿದ್ದಳು. ಬಿಸಿಗಾಳಿ ತಾಗಬಾರದೆಂದು ಸೋನುಬಾಯಿ ಕಿಟಕಿ ಮುಚ್ಚಿ, ಕೂಸನ್ನು ಕೌದಿಯಲ್ಲಿ ಸುತ್ತಿ ಮಲಗಿಸಿ, ಬೀಸಣಿಕೆ ಬೀಸುತ್ತಾ ಕೂತಳು. ಬೀಸುತ್ತಾ ಬೀಸುತ್ತಾ ತಾನೂ ತೂಕಡಿಸಿದಳು.

ಎಚ್ಚರಾದಾಗ ಕೂಸು ಅಳುತ್ತಿರಲಿಲ್ಲ. ಕೌದಿ ಬಿಚ್ಚಿದರೆ ಒಳಗೆ ಕಾದ ಹಂಚಿನ ಬಿಸಿ. ಬೆನ್ನ ಕೆಳಗೆ ಬೆವರು ನಿಂತಿತ್ತು.

"ಝಳ ಬಡದದ. ತಗಡಿನ ಮನ್ಯಾಗ ಕೂಸಿನ ಮಲಗಿಸಬಾರದಿತ್ತು" ಅಂದರು ಆಸ್ಪತ್ರೆಯಲ್ಲಿ ಡಾಕ್ಟರು.

"ಮತ್ತ ಎಲ್ಲಿ ಮಲಗಿಸಬೇಕಿತ್ರಿ ಸಾಹೇಬ್ರ?" ಎಂದು ಅಂಬರೀಷ ಕೇಳಿದ.

ಸಂಜೆಗೆ ಕೂಸು ಹೋಯಿತು. ಕೌದಿಯ ಸುದ್ದಿ ಯಾರೂ ಎತ್ತಲಿಲ್ಲ. ಬಿಸಿಲನ್ನು ಬೈದರು, ಕರೆಂಟಿನವರನ್ನು ಬೈದರು. ತನ್ನನ್ನೂ ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಸೋನುಬಾಯಿಗೆ.

ಮಣ್ಣು ಮಾಡಿ ಬಂದ ಮೂರನೇ ದಿನ ಅವಳು ಆ ಕೌದಿಯ ಮೂಲೆಯನ್ನು ಬಿಚ್ಚತೊಡಗಿದಳು. ಪೂನಮ ಹತ್ತಿರ ಬಂದು ಕೂತಳು.

"ಏನ್ ಹುಡುಕಾಕತ್ತೀರಿ ಅತ್ತಿ?"

ಸೋನುಬಾಯಿ ಅಂಗೈ ಚಾಚಿದಳು. ಒಂದೂವರೆ ತಿಂಗಳ ಹಿಂದಿನ ರೊಟ್ಟಿಯ ಚೂರು ಒಣಗಿಕೊಂಡು, ಹಂಚಿನ ಕರಿ ಕಲೆ ಸಮೇತ ಇಟ್ಟ ಹಾಗೆಯೇ ಇತ್ತು.

"ರೊಟ್ಟಿ ತಿಂದೇ ಇಲ್ಲ ನೋಡವ್ವಾ ಇದು" ಅಂದಳು.