ಜೀರಿಗೆ ಹಾಕದ ಬನ್ಸ್

ಅಡಿಗೆಮನೆಯ ಕೊಕ್ಕೆಗೆ ತೂಗುಹಾಕಿದ ಬಾಳೆಗೊನೆಯಲ್ಲಿ ಈಗ ಕೊನೆಯ ಚಿಪ್ಪೊಂದೇ ಉಳಿದಿದೆ. ಮೊದಮೊದಲು ಹಣ್ಣಿನ ಮೈಮೇಲೆ ಸಾಸಿವೆಯಷ್ಟು ಚುಕ್ಕೆಗಳಿದ್ದವು. ಆಮೇಲೆ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಸಿಪ್ಪೆಯೇ ಕಪ್ಪಾಯಿತು. ಇಂಥ ಹಣ್ಣನ್ನು ಹಿಡಿದರೆ ಬೆರಳು ಒಳಗಿಳಿಯುತ್ತದೆ. ಹಾಗೇ ತಿನ್ನೋಣವೆಂದರೆ ಬಾಯಿ ಒಲ್ಲೆನ್ನುತ್ತದೆ, ಎಸೆಯೋಣವೆಂದರೆ ಕೈ ಒಲ್ಲೆನ್ನುತ್ತದೆ. ಈ ಎರಡು ಒಲ್ಲೆಗಳ ನಡುವೆಯೇ ನಮ್ಮ ಕಡೆಯ ಬನ್ಸ್ ಹುಟ್ಟಿರಬೇಕೆಂದು ನನಗೆ ಅನೇಕ ಸಲ ಅನಿಸಿದೆ.

ನೀವು ಘಟ್ಟದ ಮೇಲಿನವರಾದರೆ ಬನ್ಸ್ ಎಂದ ಕೂಡಲೇ ಬೇಕರಿಯ ಬನ್ನನ್ನು ನೆನೆಸಿಕೊಂಡೀರಿ. ಅದಲ್ಲ. ಕಪ್ಪಾದ ಬಾಳೆಹಣ್ಣನ್ನು ಕಿವುಚಿ, ಸಕ್ಕರೆ, ಮೊಸರು, ಚಿಟಿಕೆ ಸೋಡಾ ಸೇರಿಸಿ, ಹಿಡಿಸಿದಷ್ಟು ಮೈದಾಹಿಟ್ಟು ಹಾಕಿ ನಾದಿ, ಹಿಟ್ಟು ಹುದುಗು ಬರುವವರೆಗೆ ಮುಚ್ಚಿಟ್ಟು, ದಪ್ಪ ಪೂರಿಯಂತೆ ಲಟ್ಟಿಸಿ ಎಣ್ಣೆಯಲ್ಲಿ ಕರಿದರೆ ಬನ್ಸ್. ಭಟ್ಕಳದಿಂದ ಕುಮಟೆಯವರೆಗೆ ಬಸ್‌ಸ್ಟ್ಯಾಂಡಿನ ಆಸುಪಾಸಿನ ಯಾವ ಹೋಟೆಲಿಗೆ ಹೋದರೂ ಗಾಜಿನ ಕಪಾಟಿನಲ್ಲಿ ಅದು ಕೂತಿರುತ್ತದೆ. ಒಂದು ಪ್ಲೇಟು ಎಂದರೆ ಎರಡು ಬನ್ಸ್, ಪಕ್ಕದಲ್ಲಿ ಕಾಯಿಚಟ್ನಿ. ನನ್ನ ಹೆಂಡತಿ ಮಾದೇವಿಯೂ ನಾನೂ ಎಲ್ಲಿ ಹೋದರೂ ಒಂದೇ ಪ್ಲೇಟು ಹೇಳುತ್ತಿದ್ದೆವು. ಆಳಿಗೊಂದು.

ನಾನು ಭಟ್ಕಳದ ದರ್ಜಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿ ಹೊಲಿಗೆಯಂತ್ರದ ಮುಂದೆ ಕೂತವನು. ಮಾದೇವಿ ಕುಮಟೆಯ ಕಡೆಯವಳು, ತದಡಿಯ ಬಂದರಿನ ಹತ್ತಿರ ಅವಳ ತವರು. ಮದುವೆಯಾದ ಹೊಸದರಲ್ಲಿ ಅವಳನ್ನು ಭಟ್ಕಳದ ನನ್ನ ಮೆಚ್ಚಿನ ಹೋಟೆಲಿಗೆ ಕರೆದುಕೊಂಡು ಹೋಗಿ, ದೊಡ್ಡಸ್ತಿಕೆಯಿಂದ ಬನ್ಸ್ ತರಿಸಿದೆ. ಅವಳು ಒಂದು ತುಂಡು ಬಾಯಿಗಿಟ್ಟು, ಏನನ್ನೋ ಹುಡುಕುವವಳಂತೆ ಸ್ವಲ್ಪ ಹೊತ್ತು ಅಗಿದು, "ಜೀರಿಗೆ ಹಾಕೂದಿಲ್ವಾ ನಿಮ್ಮೂರಲ್ಲಿ?" ಎಂದು ಕೇಳಿದಳು. ಬನ್ಸಿಗೆ ಜೀರಿಗೆ ಯಾರು ಹಾಕುತ್ತಾರೆ ಎಂದೆ ನಾನು. "ತಿನ್ನೂಕೆ ಗೊತ್ತಿದ್ದವ್ರು ಹಾಕ್ತಾರೆ" ಎಂದಳು. ಅಂದಿನಿಂದ ಶುರುವಾದ ವಾದ ಅದು. ಬೇರೆ ದಂಪತಿಗಳು ಯಾವುದರ ಮೇಲೆ ಜಗಳವಾಡುತ್ತಾರೋ ನನಗೆ ತಿಳಿಯದು. ನಮ್ಮದು ಬಹುಪಾಲು ಜೀರಿಗೆಯ ಮೇಲೆ ನಡೆಯಿತು. ಮನೆಯಲ್ಲಿ ಮಾಡಿದಾಗಲೂ ಅವಳು ಹಿಟ್ಟನ್ನು ಎರಡು ಪಾಲು ಮಾಡಿ, ತನ್ನದಕ್ಕೆ ಜೀರಿಗೆ ಹಾಕಿ, ನನ್ನದನ್ನು ಬೋಳಾಗಿ ಬಿಡುತ್ತಿದ್ದಳು.

ಮೂರೂರಿನ ಬನ್ಸಿನ ತಾರತಮ್ಯ ಹೇಳುವುದಾದರೆ ಹೀಗಿದೆ. ಮೂರು ಹೋಟೆಲುಗಳಲ್ಲಿ ತಿಂದು ಮೂರೂರಿಗೆ ತೀರ್ಪು ಕೊಡುವುದು ಸರಿಯಲ್ಲವೆಂದು ಬಲ್ಲೆ, ಆದರೆ ತಿಂಡಿಯ ವಿಷಯದಲ್ಲಿ ನಾವೆಲ್ಲ ಹೀಗೆಯೇ ತಾನೆ ಮಾಡುವುದು? ನನ್ನ ಭಟ್ಕಳದ್ದು ದಪ್ಪ, ಸಿಹಿ ಕಡಿಮೆ. ಮೊಸರಿನ ಹುಳಿ ಕೊನೆಯಲ್ಲಿ, ಹೋಗುವವನು ಬಾಗಿಲಲ್ಲಿ ನಿಂತು ಹೇಳುವ ಮಾತಿನಂತೆ ಬರುತ್ತದೆ. ಅವಳ ಕುಮಟೆಯದು ತೆಳು, ಬಲೂನಿನಂತೆ ಉಬ್ಬಿ ಬಣ್ಣ ಗಾಢವಾಗಿರುತ್ತದೆ. ಸಕ್ಕರೆ ಮುಂದಾಗಿ ಬರುತ್ತದೆ, ನಡುನಡುವೆ ಹಲ್ಲಿಗೆ ಜೀರಿಗೆ ಸಿಗುತ್ತದೆ. ಹೊನ್ನಾವರದ್ದು ಎರಡರ ನಡುವಿನದು: ಮೇಲೆ ಗರಿ, ಒಳಗೆ ಹತ್ತಿಯಂತೆ ಮೆತ್ತಗೆ. ಜೀರಿಗೆ ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ಊರು ನಡುವೆ ಇದ್ದುದಕ್ಕೋ ಏನೋ, ಅದು ನಮ್ಮಿಬ್ಬರ ಪಕ್ಷವನ್ನೂ ಸರದಿಯಂತೆ ಹಿಡಿಯುತ್ತಿತ್ತು.

ಶರಾವತಿಗೆ ಆಗ ಸೇತುವೆ ಆಗಿರಲಿಲ್ಲ. ಅವಳ ತವರಿಗೆ ಹೊರಟರೆ ಭಟ್ಕಳದ ಬಸ್ಸು ಹೊಳೆಯ ಈಚೆಗಿನ ಕಾಸರಕೋಡಿನ ದಡದಲ್ಲಿ ನಮ್ಮನ್ನು ಇಳಿಸುತ್ತಿತ್ತು. ಲಾಂಚು ಹತ್ತಿ ಹೊಳೆ ದಾಟಿ ಹೊನ್ನಾವರದಲ್ಲಿ ಕುಮಟೆಯ ಬಸ್ಸಿಗೆ ಕಾಯಬೇಕು. ಆ ಕಾಯುವಿಕೆಯಿಂದಾಗಿ ದಡದ ಸಮೀಪದ ಒಂದು ಸಣ್ಣ ಹೋಟೆಲು ನಮಗೆ ಪರಿಚಯವಾಯಿತು. ಅದರ ಯಜಮಾನರನ್ನು ಎಲ್ಲರೂ ಮಾಮ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಕೊಂಕಣಿ, ಗಿರಾಕಿಗಳೊಡನೆ ಕನ್ನಡ, ಬಿಸಿ ಎಣ್ಣೆ ಕೈಗೆ ಸಿಡಿದಾಗ ಎರಡೂ.

ಎಪ್ಪತ್ತರ ದಶಕದ ಕೊನೆಕೊನೆಗೆ ಮಾದೇವಿಗೆ ಹೊಟ್ಟೆನೋವು ಶುರುವಾಯಿತು. ಕುಮಟೆಯಲ್ಲಿ ಅವಳ ಅಣ್ಣನ ಗುರುತಿನ ಡಾಕ್ಟರರಿದ್ದರು. ಅವರು ಔಷಧ ಕೊಟ್ಟು, ಖಾರ, ಹುಳಿ, ಕರಿದದ್ದು ಯಾವುದೂ ಕೂಡದು ಎಂದರು. ತಿಂಗಳು ತಿಂಗಳು ತೋರಿಸಲು ಹೋಗಬೇಕಾಯಿತು. ಹೀಗೆ ಬನ್ಸಿನ ದಾರಿಯಲ್ಲಿ ಬನ್ಸ್ ತಿನ್ನಬಾರದವಳನ್ನು ಕರೆದುಕೊಂಡು ನಾನು ಓಡಾಡುವಂತಾಯಿತು.

ಮೊದಲ ಸಲ ಹೊನ್ನಾವರದಲ್ಲಿ ನಾನು ಮಾಮನ ಹೋಟೆಲಿನತ್ತ ನೋಡದೆ ಸೀದಾ ಬಸ್ಸಿನ ಕಡೆ ನಡೆದೆ. ಅವಳು ಅಲ್ಲೇ ನಿಂತಳು. "ನಂಗೆ ಬೇಡ ಹೇಳಿದ್ದು ಡಾಕ್ಟ್ರು, ನಿಮ್ಗೆ ಎಂತಾ ಆಗ್ಯದೆ?" ಎಂದು ಕೇಳಿ, ಒಳಗೆ ಹೋಗಿ ಬೆಂಚಿನ ಮೇಲೆ ಕೂತು ತಾನೇ ಒಂದು ಪ್ಲೇಟು ಹೇಳಿದಳು. ತನಗೆ ಬಿಸಿನೀರು ತರಿಸಿಕೊಂಡಳು. ನಾನು ತಲೆ ತಗ್ಗಿಸಿ ತಿನ್ನತೊಡಗಿದರೆ, "ಸುಮ್ನೆ ನುಂಗ್ಬೇಡಿ. ಹ್ಯಾಂಗಿದೆ ಹೇಳಿ" ಎಂದಳು.

ರುಚಿಯನ್ನು ಹೇಳುವುದು ಎಷ್ಟು ಕಷ್ಟವೆಂದು ನನಗೆ ತಿಳಿದದ್ದು ಆಗಲೇ. ನಾಲಗೆಗೆ ಎಲ್ಲ ಗೊತ್ತಿರುತ್ತದೆ, ಅದೇ ನಾಲಗೆಯಿಂದ ಅದನ್ನು ಹೊರಗೆ ತರುವುದು ಆಗುವುದಿಲ್ಲ. ಚೆನ್ನಾಗಿದೆ ಎಂದರೆ ಅವಳಿಗೆ ಸಾಲದು. ಎಷ್ಟು ಬಿಸಿ, ಸಕ್ಕರೆ ಮೊದಲೋ ಹಣ್ಣು ಮೊದಲೋ, ಎಣ್ಣೆ ಹೊಸತೋ ಹಳತೋ, ಮುರಿದಾಗ ಎಳೆ ಬಂತೋ ಪುಡಿಯಾಯಿತೋ, ಎಲ್ಲವನ್ನೂ ಹೇಳಬೇಕು. ಬಟ್ಟೆಯಾದರೆ ಬೆರಳಲ್ಲಿ ಉಜ್ಜಿ ಇದು ಪಾಪ್ಲಿನ್, ಇದು ಮಲ್ಲು ಎಂದು ಹೇಳಿಬಿಡುತ್ತಿದ್ದೆ. ಹಾಗಾಗಿ ಬಟ್ಟೆಯ ಮಾತನ್ನೇ ಸಾಲ ತಂದೆ. ಇದು ಗಂಜಿ ಹಾಕಿದ ಹಾಗಿದೆ, ಇದು ನಾಲ್ಕು ಸಲ ಒಗೆದ ಹಾಗಿದೆ ಎಂದೆಲ್ಲ ಹೇಳಿದರೆ ಅವಳು ಕಣ್ಣು ಅರೆಮುಚ್ಚಿ ಕೇಳುತ್ತಿದ್ದಳು, ಒಮ್ಮೊಮ್ಮೆ ಅವಳ ದವಡೆ ಅಗಿಯುವಂತೆ ಸ್ವಲ್ಪ ಆಡುತ್ತಿತ್ತು.

ಒಂದು ದಿನ ಹೊನ್ನಾವರದಲ್ಲಿ, ಒಳಗೆ ಸ್ವಲ್ಪ ಹಸಿ ಉಳಿದಿದೆ ಎಂದು ನಾನು ಅವಳಿಗೆ ವರದಿ ಒಪ್ಪಿಸುತ್ತಿದ್ದಾಗ ಮಾಮ ಎಣ್ಣೆಯಿಂದ ಬನ್ಸ್ ಎತ್ತುವ ಜಾರಿಗೆ ಸೌಟು ಹಿಡಿದುಕೊಂಡೇ ಒಲೆಯ ಮುಂದಿನಿಂದ ಎದ್ದು ಬಂದರು.

"ಎಂತ ಮಾರಾಯ್ರೆ, ಹಸಿಯಾ? ಎಲ್ಲಿ, ತೋರ್ಸಿ ನೋಡ್ವ."

ನಾನು ಮುರಿದ ತುಂಡನ್ನು ಅವರತ್ತ ಹಿಡಿದೆ. ಮಾದೇವಿಯೇ ಉತ್ತರ ಕೊಟ್ಟಳು: "ಬಿಡಿ ಮಾಮ, ಅವ್ರು ಭಟ್ಕಳದವ್ರು. ಅವ್ರಿಗೆ ಅವ್ರೂರಿಂದು ಬಿಟ್ರೆ ಎಲ್ಲಾ ಹಸಿಯೇ."

"ಭಟ್ಕಳದವ್ರಾ? ಹಂಗಾರೆ ಆತು" ಎಂದರು ಮಾಮ. "ಅವ್ರಿಗೆ ಮಲ್ಲಿಗೆ ಕಟ್ಟೂಕೆ ಬತ್ತದೆ, ಬನ್ಸ್ ಕರಿಯೂಕೆ ಬರೂದಿಲ್ಲ. ಅಮ್ಮ, ನೀವು ತಿನ್ನಿ, ನೀವು ಹೇಳಿ."

"ನಂಗೆ ಆಗೂದಿಲ್ಲ ಮಾಮ. ನಾ ಇವ್ರ ಬಾಯಲ್ಲೇ ತಿನ್ನೂದು" ಎಂದು ಅವಳು ನಕ್ಕಳು. ಮಾಮ ನಗಲಿಲ್ಲ. ಒಂದು ಗಳಿಗೆ ಅವಳ ಕೈಯಲ್ಲಿದ್ದ ಬಿಸಿನೀರಿನ ಲೋಟ ನೋಡಿ, ಒಳಗೆ ಹೋಗಿ, ಆಗಷ್ಟೇ ಎತ್ತಿದ ಒಂದು ಬನ್ಸ್ ತಂದು ನನ್ನ ಪ್ಲೇಟಿಗೆ ಹಾಕಿ, "ಇದ್ರದ್ದು ಸಮಾ ಹೇಳಿ ಅವ್ರಿಗೆ" ಎಂದು ಹೊರಟುಹೋದರು.

ಹೀಗೆ ಎರಡು ಮಳೆಗಾಲ ಕಳೆದವು. ಅವಳ ಸೀರೆಯ ನೆರಿಗೆಗಳು ಹೆಚ್ಚುತ್ತ ಬಂದವು. ರವಿಕೆಗಳನ್ನು ನಾನೇ ಬಿಚ್ಚಿ ಒಳಗೆ ಹಿಡಿದು ಹೊಲಿದುಕೊಡುತ್ತಿದ್ದೆ. ಬನ್ಸಿನ ವಾದ ಮಾತ್ರ ನಿಲ್ಲಲಿಲ್ಲ. ತಾನು ತಿನ್ನದಿದ್ದರೂ ನನ್ನ ವರದಿಯನ್ನೇ ಆಧಾರ ಮಾಡಿಕೊಂಡು ಕುಮಟೆಯ ಪರವಾಗಿ ಅವಳು ಮಂಡಿಸುತ್ತಿದ್ದ ವಾದವನ್ನು ಯಾವ ವಕೀಲನೂ ಮಂಡಿಸಲಾರ.

ಆಮೇಲೊಂದು ದಿನ ಡಾಕ್ಟರರು ಅವಳನ್ನು ಹೊರಗೆ ಕೂರಿಸಿ ನನ್ನೊಬ್ಬನನ್ನೇ ಒಳಗೆ ಕರೆದರು. ಹೆಚ್ಚು ಮಾತಾಡಲಿಲ್ಲ. ಇನ್ನು ಅಷ್ಟು ದೂರದಿಂದ ಅವರನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ಬರಬೇಡಿ, ಮನೆಯಲ್ಲೇ ನೆಮ್ಮದಿಯಾಗಿರಲಿ ಎಂದರು. ಹೊರಗೆ ಬಂದು ಔಷಧ ಬದಲಾಯಿಸಿದ್ದಾರೆ ಎಂದೆ. ಎಂದಿನಂತೆ ಕುಮಟೆಯ ಬಸ್‌ಸ್ಟ್ಯಾಂಡಿನ ಎದುರಿನ ಅವಳ ಮೆಚ್ಚಿನ ಹೋಟೆಲಿಗೆ ಹೋದೆವು. ಬನ್ಸ್ ಬಂತು. ಒಂದು ತುಂಡು ಬಾಯಿಗಿಟ್ಟೆ. ಇನ್ನು ಈ ಬೆಂಚಿಗೆ ಅವಳು ಬರುವುದಿಲ್ಲವಲ್ಲ, ಒಂದು ಸಲವಾದರೂ ಅವಳು ಗೆಲ್ಲಲಿ ಎನಿಸಿತು.

"ಹೌದು ಮಾರಾಯ್ತಿ, ನಿನ್ನೂರಿಂದೇ ಮೇಲು" ಎಂದೆ.

ಅವಳು ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ಡಾಕ್ಟ್ರು ಎಂತ ಹೇಳಿದ್ರು?"

"ಎಂತಾ ಇಲ್ಲ. ಔಷಧ ಬದ್ಲು ಮಾಡಿದ್ರು."

"ಇಷ್ಟು ವರ್ಷ ಒಪ್ಪದೆ ಇದ್ದವ್ರು ಇವತ್ತು ಒಪ್ಪಿದ್ರಿ ಅಂದ್ರೆ ನಂಗೆ ತಿಳೀತದೆ" ಎಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟಿತ್ತು. ಅಷ್ಟು ಸಿಟ್ಟನ್ನು ನಾನು ಅವಳಲ್ಲಿ ಅಪರೂಪಕ್ಕೆ ಕಂಡಿದ್ದೆ. "ನಾ ಹೋಗ್ತೆ ಹೇಳಿ ನೀವು ಸೋತು ಕೊಡೂದು ಬೇಡ. ನಂಗೆ ಅಂಥಾ ಗೆಲ್ಲೂದು ಬೇಡ. ಪ್ಲೇಟಲ್ಲಿ ಇನ್ನೊಂದು ಅದೆಯಲ್ಲ, ತಿನ್ನಿ. ತಿಂದು ಸಮಾ ಹೇಳಿ."

ಎರಡನೆಯದನ್ನು ಮುರಿದೆ. ನಿಧಾನವಾಗಿ ಅಗಿದು, ನಿಜಕ್ಕೂ ರುಚಿ ನೋಡಿದೆ.

"ಸಕ್ಕರೆ ಹೆಚ್ಚು" ಎಂದೆ. "ಜೀರಿಗೆ ಬೇಡವೇ ಬೇಡ. ಭಟ್ಕಳದ್ದರ ಹತ್ರಕ್ಕೂ ಬರೂದಿಲ್ಲ."

"ಹಾಂ" ಎಂದು ಅವಳು ಲೋಟ ಎತ್ತಿಕೊಂಡಳು. "ಹಂಗೆ ಹೇಳಿ. ತಿನ್ನೂಕೆ ಗೊತ್ತಿಲ್ಲ ನಿಮ್ಗೆ."

ಹಿಂದಿರುಗುವಾಗ ಲಾಂಚಿನಲ್ಲಿ ನನ್ನ ಪಕ್ಕದಲ್ಲಿ ಕೂತು, ಜೀರಿಗೆಯಿಂದ ಕರಿದ ಹಿಟ್ಟು ಹೇಗೆ ಬೇಗ ಜೀರ್ಣವಾಗುತ್ತದೆಂದು ದಡ ಮುಟ್ಟುವವರೆಗೂ ಹೇಳಿದಳು. ನಾನು ಒಂದನ್ನೂ ಒಪ್ಪಲಿಲ್ಲ.

ಮುಂದಿನ ಮಳೆಗಾಲ ಹಿಡಿಯುವ ಮೊದಲೇ ಅವಳು ಹೋದಳು. ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ; ಬರೆದರೆ ಎಲ್ಲರ ಮನೆಯಲ್ಲಿ ನಡೆದಂತೆಯೇ ಇರುತ್ತದೆ.

ಆಮೇಲೆ ಕೆಲವು ವರ್ಷಗಳಿಗೆ ಹೊಳೆಗೆ ಸೇತುವೆ ಆಯಿತು. ಬಸ್ಸು ಈಗ ನಿಲ್ಲದೆ ದಾಟುತ್ತದೆ. ಲಾಂಚಿನ ದಡದ ಕಡೆಗೆ ಕಾಲಿಡುವ ಪ್ರಮೇಯವೇ ಇಲ್ಲ. ಹೊನ್ನಾವರದ ಬನ್ಸಿನ ರುಚಿಯಲ್ಲಿ ಕಾಯುವುದರ ರುಚಿ ಎಷ್ಟು ಪಾಲು ಇತ್ತೆಂದು ಈಗ ಹೇಳುವುದು ಕಷ್ಟ. ಕಳೆದ ವಾರ ಅವಳ ಅಣ್ಣನ ಮನೆಗೆ ತದಡಿಗೆ ಹೋಗಿದ್ದೆ. ಬರುವಾಗ ಕುಮಟೆಯ ಅದೇ ಹೋಟೆಲಿನಲ್ಲಿ ಕೂತು ಬನ್ಸ್ ತರಿಸಿದೆ. ತಿಂದೆ. ಬಿಸಿಯಾಗಿತ್ತು, ಚೆನ್ನಾಗಿಯೂ ಇದ್ದಿರಬೇಕು. ಹ್ಯಾಂಗಿದೆ ಎಂದು ಕೇಳುವವರಿಲ್ಲದೆ ತಿಂದದ್ದರಿಂದ ಸಕ್ಕರೆ ಮೊದಲು ಬಂತೋ ಹಣ್ಣು ಮೊದಲು ಬಂತೋ ಎಂದು ಗಮನಿಸುವುದರೊಳಗೆ ಪ್ಲೇಟು ಬರಿದಾಗಿತ್ತು. ಭಟ್ಕಳದಲ್ಲೂ ಹೀಗೆಯೇ ಆಗುತ್ತಿದೆ. ನಿಮಗೆ ಇಷ್ಟೆಲ್ಲ ಹೇಳುತ್ತಿರುವುದು ಬಹುಶಃ ಅದಕ್ಕೇ: ಯಾರಿಗಾದರೂ ಹೇಳಬೇಕೆಂದುಕೊಂಡರೆ ರುಚಿ ಸ್ವಲ್ಪ ಮರಳಿ ಬರುತ್ತದೆ.

ಆ ಬಾಳೆಗೊನೆ ಅವಳ ಅಣ್ಣ ಕೊಟ್ಟದ್ದು, ಅವರ ಹಿತ್ತಿಲಿನದು. ಈ ಮಧ್ಯಾಹ್ನ, ಇಷ್ಟು ಬರೆದಿಟ್ಟು ಎದ್ದು, ಕಪ್ಪು ಚಿಪ್ಪನ್ನು ಕೊಕ್ಕೆಯಿಂದ ಇಳಿಸಿ, ಸಿಪ್ಪೆ ಸುಲಿದು, ಹಣ್ಣನ್ನು ಕಿವುಚಿದೆ. ಸಕ್ಕರೆ, ಮೊಸರು, ಸೋಡಾ, ಮೈದಾ ಹಾಕಿದೆ. ಅವಳು ನಾದುವುದನ್ನು ನೋಡಿದ್ದೆನೇ ಹೊರತು ನಾನು ನಾದಿದ್ದಿಲ್ಲ. ಹಿಟ್ಟು ಮೊಣಕೈವರೆಗೆ ಹತ್ತಿತು. ಜೀರಿಗೆಯ ಡಬ್ಬಿ ಅವಳಿಟ್ಟ ಜಾಗದಲ್ಲೇ, ಉಪ್ಪಿನ ಭರಣಿಯ ಪಕ್ಕದಲ್ಲಿದೆ. ಮುಚ್ಚಳ ತೆಗೆದು ಮೂಸಿ ನೋಡಿದೆ. ಇಂದಾದರೂ ಹಾಕೋಣವೇ ಎನಿಸಿ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತ್ತು.

ಹಾಕಲಿಲ್ಲ. ಹಾಕಿದ್ದರೆ ಅವಳಿಗೆ ಸಿಟ್ಟು ಬರುತ್ತಿತ್ತು.